ಇಪ್ಪತ್ತೆಂಟರಿಂದ ಭಾಗಿಸಿದರೆ

ಜುಲೈ 8, ಸೋಮವಾರ

ಬಾಗೂರಿನ ಬಸ್ಸು ಇವತ್ತೂ ತಡ. ಗುರುವಾರ ಒಂಬತ್ತನೇ ಕ್ಲಾಸಿಗೆ ಗಣಿತದ ಟೆಸ್ಟ್. ಈ ಸಲ ಮೇಲಿನ ಆಫೀಸಿಗೆ ಪ್ರಶ್ನೆವಾರು ಸರಾಸರಿಯೂ ಬೇಕಂತೆ. ಹೆಡ್‌ಮಾಸ್ಟರ್ ಕಾಟಲಿಂಗಪ್ಪ ಕರೆದು ಹೇಳಿದರು: "ಇಪ್ಪತ್ತೈದಕ್ಕೆ ಹದಿನೈದಾದ್ರೂ ಸರಾಸರಿ ಬರ್ಬೇಕು ನೋಡ್ರಿ. ಇಲ್ಲಾಂದ್ರೆ ಮೀಟಿಂಗ್‌ನಾಗೆ ನನ್ನ ಮಾನ ಹೋಗ್ತೈತೆ." ಮಾನ ಅವರದು, ಕ್ಯಾಲ್ಕುಲೇಟರ್ ನನ್ನದು.

ಜುಲೈ 10, ಸಂಜೆ

ಮಹೇಕ್ ಎರಡು ದಿನದಿಂದ ಬಂದಿಲ್ಲ. ತಾಯಿಗೆ ಡೆಂಗಿ, ಹೊಸದುರ್ಗದಲ್ಲಿ ಅಡ್ಮಿಟ್. ಕ್ಲಾಸಿನಲ್ಲಿ ಪೂರ್ತಿ ಅಂಕ ತೆಗೆಯುವವಳು ಅವಳೊಬ್ಬಳೇ. ಅವಳಿಲ್ಲದೆ ಸರಾಸರಿ ಮೇಲೇಳುವುದಿಲ್ಲ. ಅವಳ ಅಪ್ಪ ವಸೀಂಗೆ ಫೋನ್ ಮಾಡಿ, ಟೆಸ್ಟ್ ಬರೆದು ವಾಪಸ್ ಹೋಗಲಿ, ಕಳಿಸಿ ಅಂದೆ. "ಆಯ್ತು ಸಾರ್, ನೀವು ಹೇಳ್ತೀರಂದ್ರೆ ಕಳಿಸ್ತೀನಿ" ಅಂದ. ಒಳ್ಳೆ ಮನುಷ್ಯ.

ಜುಲೈ 11

ಬಂದಿದ್ದಳು. ಟೆಸ್ಟ್ ಇನ್ನೂ ಮುಗಿದಿರಲಿಲ್ಲ, ಅವಳ ಚಿಕ್ಕಪ್ಪ ಬೈಕಿನಲ್ಲಿ ಬಂದು ಕರೆದುಕೊಂಡು ಹೋದ. ತಾಯಿ ತೀರಿಹೋದರಂತೆ... ಇವಳು ಇಲ್ಲಿ ಕುಳಿತಿದ್ದಾಗಲೇ.

ಅವಳ ಉತ್ತರ ಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಏನೂ ಇಲ್ಲ.

ಜುಲೈ 13

ವ್ಯಾಲ್ಯುಯೇಷನ್ ಮುಗಿಯಿತು. ಮೂರನೇ ಪ್ರಶ್ನೆಯಲ್ಲಿ ಎಲ್ಲರೂ ಜಾರಿದ್ದಾರೆ. ಅದು ಸರಾಸರಿಯ ಲೆಕ್ಕವೇ, ಕರ್ಮ. ಇಡೀ ಕ್ಲಾಸಿನ ಅಂಕ ಒಟ್ಟು 405. ಮಹೇಕ್‌ಳನ್ನು ಬಿಟ್ಟು 27ರಿಂದ ಭಾಗಿಸಿದರೆ ಸರಿಯಾಗಿ ಹದಿನೈದು. ಅವಳ ಸೊನ್ನೆ ಸೇರಿಸಿ 28ರಿಂದ ಭಾಗಿಸಿದರೆ 14.46.

"ಆಬ್ಸೆಂಟ್ ಹಾಕ್ರಿ ಅತ್ಲಾಗೆ" ಅಂದರು ಕಾಟಲಿಂಗಪ್ಪ. "ಪಾಪ, ಆ ಮಗಿಗೂ ಸೊನ್ನೆ ತಪ್ತೈತೆ, ನಮ್ಗೂ ಹದಿನೈದು ಬರ್ತೈತೆ."

ನ್ಯಾಯವೇ ಅನಿಸಿತು. ಹಾಕಿದೆ.

ಜುಲೈ 22, ಸೋಮವಾರ

ಮಹೇಕ್ ಬಂದಳು. ಬೋರ್ಡಿನಲ್ಲಿ ಅಂಕ ನೋಡಿಕೊಂಡು ಸೀದಾ ಸ್ಟಾಫ್ ರೂಮಿಗೆ.

"ಸಾರ್, ನಂಗೆ ಆಬ್ಸೆಂಟ್ ಹಾಕೀರಿ."

"ನಿನ್ನ ಒಳ್ಳೇದಕ್ಕೇ ಕಣಮ್ಮ. ಸೊನ್ನೆ ಯಾಕೆ ಅಂತ..."

"ಸೊನ್ನೇನೇ ಹಾಕ್ರಿ ಸಾರ್. ನಾನು ಬಂದಿದ್ದೆ. ಇಲ್ಲಿದ್ದೆ, ಅದ್ಕೇ ಅಮ್ಮಿ ಹತ್ರ ಇರ್ಲಿಲ್ಲ. ಈಗ ಇಲ್ಲೂ ಇರ್ಲಿಲ್ಲ ಅಂದ್ರೆ ಹೆಂಗೆ ಸಾರ್?"

ಅವಳು ಅಳಲಿಲ್ಲ. ನನಗೇ ತಡೆಯಲಾಗಲಿಲ್ಲ, ಮುಖ ತೊಳೆಯುವ ನೆಪ ಮಾಡಿ ನಲ್ಲಿಯ ಹತ್ತಿರ ಹೋದೆ.

ಅದೇ ದಿನ, ಸಂಜೆ

ಆಬ್ಸೆಂಟ್ ಹೊಡೆದುಹಾಕಿ ಸೊನ್ನೆ ಬರೆದೆ. ಪ್ರತಿ ಪ್ರಶ್ನೆಯ ಮೊತ್ತವನ್ನೂ 28ರಿಂದ ಮತ್ತೆ ಭಾಗಿಸಿದೆ. ಕಾಟಲಿಂಗಪ್ಪ ಕೂಗಾಡಿದರೆ ಕೂಗಾಡಲಿ.

ನಾಳೆ ವಸೀಂ ಮನೆಗೆ ಹೋಗಬೇಕು. ಹೋಗಿ ಏನು ಹೇಳಲಿ? ಮಗಳನ್ನು ಕರೆಸಿದ್ದು ಅವಳ ಓದಿಗಲ್ಲಪ್ಪ, ನನ್ನ ಸರಾಸರಿಗೆ ಅಂತ, ಹೆಂಡತಿ ಕಳೆದುಕೊಂಡವನ ಮುಂದೆ ಕೂತು ಹೇಗೆ —