ಏರಿನಲ್ಲಿ ನಾಲ್ಕನೇ ಗೇರು

ರೀ,

ಕಾರಿನ ಕೀಲಿ ನಿಮ್ಮ ಹೊಲಿಗೆ ಮಷಿನ್ ಮೇಲಿದೆ. ಯೂನಿಫಾರ್ಮಿನ ಗಂಟುಗಳನ್ನು ಡಿಕ್ಕಿಯಲ್ಲಿಟ್ಟಿದ್ದೇನೆ. ಹತ್ತರೊಳಗೆ ಶಾಲೆಗೆ ಮುಟ್ಟಿಸಿ. ನೀವೊಬ್ಬರೇ.

ಸ್ಟಾರ್ಟ್ ಮಾಡಿದ ಕೂಡಲೇ ಎಳೆಯಬೇಡಿ, ಇಂಜಿನ್ ಒಂದು ನಿಮಿಷ ಹಾಗೇ ಓಡಲಿ. ಇಂಜಿನ್ ಸುತ್ತು ತೋರಿಸುವ ಮುಳ್ಳು ಎರಡು ಸಾವಿರ ಮುಟ್ಟಿದ ಮೇಲೆ ಗೇರ್ ಏರಿಸಿ. ಒಂದೂವರೆ ಸಾವಿರಕ್ಕಿಂತ ಕೆಳಗಿಳಿದು ಕಾರು ನಡುಗಿದರೆ ಒಂದು ಗೇರ್ ಇಳಿಸಿ. ಡೀಸೆಲ್ ಉಳಿಯಲಿ ಎಂದು ನಿನ್ನೆಯ ಹಾಗೆ ಏರಿನಲ್ಲೂ ನಾಲ್ಕನೇ ಗೇರನ್ನೇ ಹಿಡಿದು ಕೂರಬೇಡಿ. ಆಮೇಲೆ ಇಂಜಿನ್ ಬಿಚ್ಚಿಸಬೇಕಾದರೆ ಮೂಗಿಗಿಂತ ಮೂಗುತಿ ಭಾರ.

ದಪ್ಪ ಬಟ್ಟೆಗೆ ಹೊಲಿಗೆ ಮಷಿನ್ ತಿಣುಕಿದರೆ ನೀವು ಇನ್ನೂ ಜೋರಾಗಿ ತುಳಿಯುತ್ತೀರಾ? ಸದ್ದು ಕೇಳಿಯೇ ನಿಮ್ಮ ಕಾಲು ಮೆತ್ತಗಾಗುತ್ತದೆ. ಇದೂ ಅದೇ ಕಿವಿಯ ಕೆಲಸ.

ನಿನ್ನೆ ಏರಿನ ನಡುವೆ ಕಾರು ನಿಂತು, ಹಿಂದಿನವರೆಲ್ಲ ಹಾರನ್ ಹೊಡೆಯುವಾಗ ನಾನೂ "ಎಷ್ಟು ಸಲ ಹೇಳ್ಬೇಕ್ರೀ ನಿಮಗೆ!" ಅಂತ ಕೂಗಿಬಿಟ್ಟೆ. ಇಪ್ಪತ್ತು ವರ್ಷ ಟ್ಯಾಕ್ಸಿ ಓಡಿಸಿದವಳ ನಾಲಿಗೆ, ಹಿಡಿತಕ್ಕೆ ಸಿಗಲಿಲ್ಲ. ನೀವು ಕೀಲಿ ತೆಗೆದು ನನ್ನ ಕೈಗಿಟ್ಟಿರಿ.

ಅಕ್ಕನ ಮನೆಯಲ್ಲಿ ತುರ್ತು ಕೆಲಸ, ಜೊತೆಗೆ ಬರಲಾಗದು ಎಂದು ರಾತ್ರಿ ನಾನು ಹೇಳಿದ್ದು ಸುಳ್ಳು. ನಾನು ಪಕ್ಕದಲ್ಲಿ ಕೂತರೆ ನೀವು ಮುಳ್ಳು ನೋಡುವುದಿಲ್ಲ, ನನ್ನ ಮುಖ ನೋಡುತ್ತೀರಿ. ಅದಕ್ಕೇ ಬಸ್ಸಿಗೆ ಹೊರಟೆ.