ಸ್ಪ್ರಿಂಗಿಗೆ ಇನ್ನೊಂದು ಸುತ್ತು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10

ಕ್ಲಿನಿಕ್ ಕಟ್ಟಡದ ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ಎರಡು ಬೆರಳಷ್ಟು ಕೆಳಗೆ ನಿಂತಿದೆ. ತಿಳಿಸಿದ್ದು ವಾಚ್‌ಮನ್. ಆಫೀಸಿಗಲ್ಲ, ನನ್ನ ಮೊಬೈಲಿಗೆ. ಹಾಗೆ ಮಾಡಿ ಅಂತ ಜನವರಿಯಲ್ಲಿ ನಾನೇ ಹೇಳಿಟ್ಟಿದ್ದೆ. ಆಫೀಸಿಗೆ ಫೋನ್ ಹೋದರೆ ದೂರು ಪುಸ್ತಕಕ್ಕೆ ಏರುತ್ತದೆ. ಸೂಪರ್‌ವೈಸರ್ ಆಗಬೇಕಾದರೆ ಮೂರು ತಿಂಗಳು ನಾನು ರಿಪೇರಿ ನೋಡಿಕೊಳ್ಳುವ ಲಿಫ್ಟ್‌ಗಳ ಮೇಲೆ ಒಂದೂ ದೂರು ಇರಬಾರದು. ಇಂಟರ್‌ವ್ಯೂ 18ಕ್ಕೆ.

ಹೋದೆ. ಮೆಷಿನ್ ರೂಮು ಹತ್ತಿ ಬ್ರೇಕಿನ ಸ್ಪ್ರಿಂಗಿಗೆ ಒಂದು ಸುತ್ತು ಬಿಗಿ ಕೊಟ್ಟೆ. ನೆಲಕ್ಕೆ ಸಮ ನಿಂತಿತು. ಹನ್ನೆರಡು ನಿಮಿಷದ ಕೆಲಸ. ಎಲ್ಲೂ ಬರೆಯಲಿಲ್ಲ.

"ಅಕ್ಕಾ, ಹೋದ ತಿಂಗಳೂ ಇದೇ ಕಥೆ ಅಲ್ವಾ?" ಅಂದ ವಾಚ್‌ಮನ್.

"ಹಳೇ ಲಿಫ್ಟು ಅಣ್ಣಾ. ನಿಮ್ಮ ಮಂಡಿ ಇದ್ದಹಾಗೆ."

ಇಬ್ಬರೂ ನಕ್ಕೆವು.

ಮಾರ್ಚ್ 5, ಬುಧ. ಸಂಜೆ

ಮನೆಯಲ್ಲಿ ನಾನು ಆಗಲೇ ಸೂಪರ್‌ವೈಸರ್. ಅತ್ತೆ ಪಕ್ಕದ ಮನೆಗೆ ಹೇಳಿಯೂ ಆಗಿದೆ — "ಇನ್ಮೇಲೆ ನಮ್ಮ ಸೊಸೆ ಸ್ಪ್ಯಾನರ್ ಮುಟ್ಟಲ್ಲ, ಬರೀ ಸಹಿ." ಮಗಳು ಭಾನುವಾರಗಳ ಪಟ್ಟಿ ಮಾಡಿಟ್ಟಿದ್ದಾಳೆ. ಸೂಪರ್‌ವೈಸರ್‌ಗೆ ಭಾನುವಾರ ಡ್ಯೂಟಿ ಇಲ್ಲವಲ್ಲ.

ಮಾರ್ಚ್ 7, ಶುಕ್ರ. ಮಧ್ಯಾಹ್ನ

ನೋಟಿಸ್ ಬೋರ್ಡಿನಲ್ಲಿ ಎರಡು ಹಾಳೆ. ಇಂಟರ್‌ವ್ಯೂ ಪಟ್ಟಿ — ಐದು ಹೆಸರು, ನನ್ನದು ಎರಡನೆಯದು. ಪಕ್ಕದಲ್ಲಿ ಮೇಷ್ಟ್ರ ಬೆಂಚಿಗೆ ಸೇರುವವರ ಹಾಳೆ. ಖಾಲಿ.

ಮೇಷ್ಟ್ರು ಅಂದರೆ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್. ಸೆಪ್ಟೆಂಬರಿನಲ್ಲಿ ರಿಟೈರ್. ಆರು ತಿಂಗಳು ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ರೇಕು, ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಾರೆ. ಸಂಬಳ ಇದ್ದಷ್ಟೇ. ಎರಡು ವರ್ಷ ಪ್ರಮೋಷನ್ ಕೇಳುವಂತಿಲ್ಲ. ಹುಡುಗರ ಬಾಯಲ್ಲಿ ಅದು 'ಫೇಲಾದವರ ಬೆಂಚು'.

ಬೋಲ್ಟ್ ತರಲು ಹೋದಾಗ ಕೇಳಿದೆ. "ಮೇಷ್ಟ್ರೇ, ಒಂದು ಲಿಫ್ಟು ಪದೇ ಪದೇ ಕೆಳಗೆ ನಿಲ್ತಿದ್ರೆ?"

"ಯಾವ ಲಿಫ್ಟು?"

"ಸುಮ್ನೆ ಕೇಳಿದೆ."

"ಸುಮ್ನೆ ಯಾರೂ ಕೇಳಲ್ಲ ತಾಯಿ. ಎಷ್ಟು ವರ್ಷ ಆಯ್ತು ನೀನು ಬಂದು?"

"ಹನ್ನೊಂದು."

"ಒಂದು ಗೇರ್‌ಬಾಕ್ಸ್ ಬಿಚ್ಚಿದ್ದೀಯಾ?"

"ಅದಕ್ಕೆ ಬೇರೆ ಟೀಮ್ ಇದೆಯಲ್ಲ…"

"ಟೀಮ್ ವಿಷಯ ಯಾರು ಕೇಳಿದ್ರು? ಹೋಗು. ಬ್ರೇಕ್ ಡ್ರಮ್ ಮೂಸಿ ನೋಡು."

ಹೋಗಲಿಲ್ಲ. ಟೈಮ್ ಇರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಮಾರ್ಚ್ 12, ಬುಧ. ಬೆಳಿಗ್ಗೆ 10.30

ಮತ್ತೆ ಕ್ಲಿನಿಕ್. ಈ ಸಲ ನಾಲ್ಕು ಬೆರಳು. ಗಾಲಿ ಕುರ್ಚಿಯಲ್ಲಿದ್ದ ಅಜ್ಜಿಯನ್ನು ಮಗ ಹೊರಗಿನಿಂದ ಒಳಗೆ ನೂಕಿದ್ದಾನೆ. ಮುಂದಿನ ಚಕ್ರ ಧಡಕ್ಕನೆ ಕೆಳಗಿಳಿದಿದೆ. ಅಜ್ಜಿ ಮುಗ್ಗರಿಸಿ ಬೀಳುವಷ್ಟರಲ್ಲಿ ನರ್ಸ್ ಹಿಡಿದಿದ್ದಾಳೆ. ಪೆಟ್ಟಾಗಿಲ್ಲ.

ಡ್ರಮ್ ಮೂಸಿದೆ. ಎಣ್ಣೆ. ಬಟ್ಟೆಯಿಂದ ಒರೆಸಿದೆ, ಕಪ್ಪಗೆ ಬಂತು. ಗೇರ್‌ಬಾಕ್ಸಿನ ಎಣ್ಣೆ ತಡೆಯುವ ಸೀಲ್ ಸೋರಿ ಬ್ರೇಕಿಗೆ ಇಳಿಯುತ್ತಿದೆ. ನಾನು ಮೂರು ಸಲ ಬಂದು ಜಾರುವ ಬ್ರೇಕಿನ ಸ್ಪ್ರಿಂಗನ್ನೇ ಬಿಗಿಮಾಡಿ ಹೋಗಿದ್ದೇನೆ. ಸ್ಪ್ರಿಂಗಿನ ನಟ್ಟಿಗೆ ಇನ್ನು ಎರಡೇ ಸುತ್ತು ಜಾಗ.

ಲಿಫ್ಟ್ ನಿಲ್ಲಿಸಬೇಕಿತ್ತು. ಒಂದು ಸುತ್ತು ಕೊಟ್ಟೆ. ಸಮ ನಿಂತಿತು. ಇಳಿದು ಬಂದೆ.

ಅದೇ ದಿನ, ಸಂಜೆ 7

ಇವರಿಗೆ ಹೇಳಿದೆ.

"18ರ ತನಕ ತಡೆಯಲ್ವಾ ಅದು?"

"ತಡೀಬಹುದು."

"ಬಹುದು ಅಂದ್ರೆ?"

"ಗೊತ್ತಿಲ್ಲ ರೀ. ಹನ್ನೊಂದು ವರ್ಷ ಅದೇ ಕೆಲಸ ಮಾಡಿ… ಗೊತ್ತಿಲ್ಲ."

ಟಿವಿ ಆರಿಸಿದರು. ಎದ್ದು ಒಳಗೆ ಹೋದರು.

ಮಾರ್ಚ್ 13, ಗುರು. ಬೆಳಿಗ್ಗೆ 6.40

ಕ್ಲಿನಿಕ್ ತೆರೆಯುವ ಮೊದಲೇ ಹೋಗಿ ಮೇನ್ ಸ್ವಿಚ್ ಆರಿಸಿದೆ. ಬೋರ್ಡ್ ತೂಗುಹಾಕಿದೆ. ಅಲ್ಲಿಂದ ಆಫೀಸು. ದೂರು ಪುಸ್ತಕದಲ್ಲಿ ನನ್ನ ಕೈಯಲ್ಲೇ ಬರೆದೆ: ಬ್ರೇಕಿಗೆ ಎಣ್ಣೆ. ನಾಲ್ಕು ಭೇಟಿ ದಾಖಲಾಗಿಲ್ಲ. ಸ್ಪ್ರಿಂಗ್ ಬಿಗಿಮಾಡಿದ್ದು ನಾನು.

ಅದೇ ದಿನ, 11.15

ಮ್ಯಾನೇಜರ್ ಕರೆದರು. ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

"ಐದು ದಿನ ಬಿಟ್ಟು ಬರೆದಿದ್ರೆ ಆಕಾಶ ಬೀಳ್ತಿತ್ತೇನಮ್ಮಾ?"

"ಲಿಫ್ಟ್ ಬೀಳಬಹುದಿತ್ತು ಸರ್."

ಬಾಗಿಲು ಹಾಕಿಸಿದರು. ಅವರ ಮಾತು ಇಷ್ಟು: ಸೀಲ್ ಸವೆಯುವುದು ಸಹಜ, ಯಾರ ತಪ್ಪೂ ಅಲ್ಲ. ಭೇಟಿಗಳ ವಿಷಯ ಇರುವ ಸಾಲು ತೆಗೆದು ದೂರಿನ ಹಾಳೆ ಹೊಸದಾಗಿ ಬರೆದುಕೊಡು, ಇಂಟರ್‌ವ್ಯೂಗೆ ಬಾ. "ನಿನ್ನಂಥವರೇ ಬೇಕಾಗಿರೋದು ನಮಗೆ."

ಸೋಮವಾರದ ತನಕ ಟೈಮ್ ಕೊಟ್ಟಿದ್ದಾರೆ. ಖಾಲಿ ಹಾಳೆ ಬ್ಯಾಗಿನಲ್ಲಿದೆ.

ಮಾರ್ಚ್ 16, ಭಾನು. ಮಧ್ಯಾಹ್ನ

ಸೂಪರ್‌ವೈಸರ್ ತಿಂಗಳಿಗೆ ನಲವತ್ತು ಲಿಫ್ಟ್‌ಗಳ ಹಾಳೆಗೆ ಸಹಿ ಹಾಕಬೇಕು. ಏಳನೇ ಕಾಲಂ: ಬ್ರೇಕ್ ಸರಿಯಿದೆ.

ನಲವತ್ತು ಬ್ರೇಕು. ಒಂದರ ವಾಸನೆ ನಾನು ಹಿಡಿಯಲಿಲ್ಲ.

ಮಾರ್ಚ್ 17, ಸೋಮ. ಸಂಜೆ

ಮ್ಯಾನೇಜರ್ ಕೊಟ್ಟ ಖಾಲಿ ಹಾಳೆಯನ್ನು ಹಾಗೇ ವಾಪಸ್ ಕೊಟ್ಟೆ. ಇಂಟರ್‌ವ್ಯೂ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದೆ. ಪಕ್ಕದ ಮೇಷ್ಟ್ರ ಬೆಂಚಿನ ಹಾಳೆಯಲ್ಲಿ ಬರೆದೆ. ಅಲ್ಲಿ ಅದೊಂದೇ ಹೆಸರು. ಹಿಂದಿನಿಂದ ಯಾರೋ, "ಏನಕ್ಕಾ, ಪರೀಕ್ಷೆಗೆ ಮೊದಲೇ ಫೇಲಾ?" ಅಂದರು. ತಿರುಗಿ ನೋಡಲಿಲ್ಲ. ಕಿವಿ ಬಿಸಿಯಾಗಿತ್ತು.

ನಾಲ್ಕಕ್ಕೆ ವಾರ್ನಿಂಗ್ ಲೆಟರ್ ಕೈಗೆ ಬಂತು.

ಮನೆಯಲ್ಲಿ ಅತ್ತೆ ಕೇಳಿದ್ದು ಒಂದೇ. "ಪಕ್ಕದ ಮನೆಯವರಿಗೆ ಏನಂತ ಹೇಳ್ಲಿ?"

"ಸೊಸೆ ಮತ್ತೆ ಸ್ಕೂಲಿಗೆ ಸೇರಿದಾಳೆ ಅನ್ನಿ ಅತ್ತೆ."

"ಈ ವಯಸ್ಸಿಗೆ!" ಅಂದರು. ಆದರೆ ತಟ್ಟೆ ಹಾಕಿಕೊಟ್ಟರು. ಮಗಳು ಭಾನುವಾರದ ಪಟ್ಟಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟಳು. ಹರಿಯಲಿಲ್ಲ. ಇವರು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಮಾರ್ಚ್ 22, ಶನಿ

ಸೂಪರ್‌ವೈಸರ್ ಹುದ್ದೆ ಪಟ್ಟಿಯ ನಾಲ್ಕನೆಯವನಿಗೆ. ಬೋರ್ಡಿನಲ್ಲಿ ಹಾಕಿದ್ದಾರೆ. ಹೊಟ್ಟೆ ಉರಿಯಿತು. ಉರಿಯಲಿಲ್ಲ ಅಂತ ಬರೆದುಕೊಳ್ಳಲು ಆಗದು.

ವಾಚ್‌ಮನ್ ಫೋನ್. "ಒಂಬತ್ತು ದಿನದಿಂದ ಗಾಲಿ ಕುರ್ಚಿ ಹೊತ್ತು ಹೊತ್ತು ನಮ್ಮ ಮಂಡಿ ಹೋಯ್ತು ಅಕ್ಕಾ. ಲಿಫ್ಟ್ ಯಾವಾಗ?"

"ಆಫೀಸಿಗೆ ಫೋನ್ ಮಾಡಿ ಅಣ್ಣಾ. ಇನ್ಮೇಲೆ ಎಲ್ಲಾ ಅಲ್ಲಿಗೇ."

ಮಾರ್ಚ್ 24, ಸೋಮ. ಬೆಳಿಗ್ಗೆ 7.50

ಕ್ಲಿನಿಕ್ಕಿನ ಗೇರ್‌ಬಾಕ್ಸ್ ಶನಿವಾರ ಸಂಜೆ ಇಳಿಸಿ ತಂದಿದ್ದಾರೆ. ಬೆಂಚಿನ ಮೇಲಿದೆ. ತಿಳಿಸಿದ್ದು ಮೇಷ್ಟ್ರು — "ನಾನು ಮುಟ್ಟಲ್ಲ. ಕೆಡಿಸಿದವಳೇ ಬಿಚ್ಚಲಿ."

ಎಂಟೂವರೆಗೆ ವರ್ಕ್‌ಶಾಪ್. ಮೊದಲು ಎಣ್ಣೆ ಬಸಿಯುವುದು. ಆಮೇಲೆ ಸೀಲ್ —