ಉಸ್ತಾದ್ ಮುಚ್ಚಿದ ಬೋಲ್ಟು

೩-೨-೫೮, ಸೋಮವಾರ

ಮಧುಗಿರಿ ಬಸ್ಸಿನ ಕ್ಲಚ್ ಮತ್ತೆ ಬಿಚ್ಚಿದ್ದಾಯಿತು. ಡ್ರೈವರ್ ಅಡವಯ್ಯನಿಗೆ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸುವ ಚಾಳಿ. ಹೇಳಿ ಹೇಳಿ ಬಾಯಿ ನೋವು ಬಂತು.

ಸಂಜೆ ಶೆಡ್ಡಿಗೆ ಡಾಕ್ಟರ್ ರೇಣುಕಯ್ಯ ಬಂದರು. ಮಧುಗಿರಿಯಿಂದ ಸಿರಾದವರೆಗೆ, ನನಗಾಗಿಯೇ! ಹೋದ ವರ್ಷ ಜಾಕ್ ಜಾರಿ ಜಜ್ಜಿಹೋದ ನನ್ನ ಎಡಗೈ ಬೆರಳುಗಳನ್ನು ಕತ್ತರಿಸದೆ ಉಳಿಸಿಕೊಟ್ಟವರು ಅವರು. ಏನು ಕೇಳಿದರೂ ಇಲ್ಲ ಅನ್ನಲಾರೆ. ಕೇಳಿದ್ದು ಇಷ್ಟೇ — ಇಲ್ಲಿನ ಕಂಟ್ರಾಕ್ಟರ್ ತಿಮ್ಮರಾಯಪ್ಪನವರ ಕೆಂಪು ಸ್ಪೋರ್ಟ್ಸ್ ಕಾರು ಮಾರಾಟಕ್ಕಿದೆ. ಎರಡೇ ಸೀಟು, ಮೇಲೆ ಕ್ಯಾನ್ವಾಸು, ಯಾರೋ ಇಂಗ್ಲಿಷ್ ದೊರೆ ಬಿಟ್ಟುಹೋದದ್ದು.

“ನೋಡಪ್ಪಾ ಮಕ್ಬೂಲ್, ನಂಗೆ ಆ ಕಾರಿನ ಹುಚ್ಚು ಹಿಡಿದ್ಬಿಟ್ಟಿದೆ. ಹುಚ್ಚು ಹಿಡಿದೋನ ಕಣ್ಣಿಗೆ ಏನೂ ಕಾಣ್ಸೋದಿಲ್ಲ. ನೀನು ನೋಡು. ಹೂಂ ಅಂದ್ರೆ ತಗೋತೀನಿ, ಊಹೂಂ ಅಂದ್ರೆ ಬಿಟ್ಟೆ.”

ಆ ಕಾರಿನ ರಿಪೇರಿಯೆಲ್ಲ ಬಾಷಾ ಸಾಬರದು. ನನ್ನ ಉಸ್ತಾದ್. ಹನ್ನೆರಡನೇ ವಯಸ್ಸಿನಲ್ಲಿ ನನ್ನ ಕೈಗೆ ಸ್ಪ್ಯಾನರ್ ಕೊಟ್ಟವರು. ಅದನ್ನೂ ಡಾಕ್ಟರಿಗೆ ಹೇಳಿದೆ. “ಹಂಗಾದ್ರೆ ಇನ್ನೇನು!” ಅಂದರು. ಇನ್ನೇನು ಅಂದರೆ... ಅದೇ ನನ್ನ ಕಷ್ಟ. ಗುರುವಿನ ಕೆಲಸದಲ್ಲಿ ಶಿಷ್ಯ ತಪ್ಪು ಹುಡುಕುವುದು ಹೇಗೆ?

೫-೨-೫೮, ಬುಧವಾರ, ಮಧ್ಯಾಹ್ನ

ಬೆಳಿಗ್ಗೆ ಆರಕ್ಕೇ ತಿಮ್ಮರಾಯಪ್ಪನವರ ಮನೆಗೆ ಹೋದೆ. ಇಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬಿಸಿ ಮಾಡಿ ಇಟ್ಟರೆ ಎಂಥ ಹಳೆ ಡಬ್ಬವೂ ಸರಾಗವಾಗಿ ಸ್ಟಾರ್ಟ್ ಆಗುತ್ತದೆ. ಬಾನೆಟ್ ಮುಟ್ಟಿ ನೋಡಿದೆ — ಮಂಜಿನಷ್ಟು ತಣ್ಣಗೆ. ಮೋಸ ಇಲ್ಲ. ಎರಡನೇ ಸಲಕ್ಕೆ ಸ್ಟಾರ್ಟ್. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ. ಬೇರಿಂಗ್ ಸದ್ದಿಲ್ಲ. ಹೊಗೆ ಬಿಳಿ, ಆಮೇಲೆ ಅದೂ ಇಲ್ಲ. ಆಯಿಲ್ ಬೆರಳಲ್ಲಿ ಉಜ್ಜಿದೆ, ಲೋಹದ ಪುಡಿ ಇಲ್ಲ. ಬ್ರೇಕ್ ಒಂದೇ ಕಡೆ ಎಳೆಯುವುದಿಲ್ಲ. ಅಂಥ ಇಂಜಿನ್ ಕೇಳಿ ವರ್ಷಗಳಾಗಿದ್ದವು. ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ಹುಚ್ಚು ಹಿಡಿಯಿತು.

ಉಸ್ತಾದ್ ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದರು. ಬಿಸಿಲೇರಿದರೂ ಎರಡೂ ಕೈ ಕೋಟಿನ ಜೇಬಿನಲ್ಲೇ. ಏನೂ ಮುಟ್ಟಲಿಲ್ಲ. “ನೀನೇ ನೋಡ್ಕೋ ಬೇಟಾ” ಅಂದರು, ಅಷ್ಟೇ.

ಮುಂದಿನ ಎಡ ಟೈರು ಒಳಬದಿಗೆ ಜಾಸ್ತಿ ಸವೆದಿತ್ತು. ಸ್ಟೀರಿಂಗ್ ಬಿಗಿ. ಕೇಳಿದೆ.

“ಒಳಗೆ ದಂಡ ಹಿಡಿಯೋ ಬುಷ್ ಬಳೆ ಹೊಸದು ಹಾಕಿವ್ನಿ. ಹೊಸದು ಬಿಗೀನೇ ಇರ್ತದೆ.”

ಕೆಳಗೆ ತೂರಿ ಮಲಗಿ ನೋಡಿದೆ. ಸ್ಟೀರಿಂಗ್ ಬಾಕ್ಸಿನ ಬೋಲ್ಟುಗಳಿಗೆ ತಂತಿ ಸುತ್ತಿದೆ. ಎರಡು ಸುತ್ತು ಬಲಕ್ಕೆ, ಒಂದು ವಾಪಸ್ಸು. ಉಸ್ತಾದರ ಗಂಟು. ಈ ಗಂಟು ಬಿದ್ದ ಬೋಲ್ಟನ್ನು ಅವರ ಕೈಕೆಳಗೆ ಕಲಿತ ಶಾಗಿರ್ದ್ ಆದವನು ಬಿಚ್ಚುವಂತಿಲ್ಲ. ಬಿಚ್ಚಿದರೆ ನಿಮ್ಮ ಕೆಲಸ ನಂಬುವುದಿಲ್ಲ ಎಂದು ಮುಖದ ಮೇಲೆ ಹೇಳಿದಂತೆ. ನಮ್ಮ ಶೆಡ್ಡಿನಲ್ಲಿ ಇವತ್ತಿಗೂ ಅದೇ ಕಟ್ಟಳೆ. ನಾನೇ ಕಾಯುತ್ತಿರುವ ಕಟ್ಟಳೆ.

ಮೂಗಿಗೆ ಕೀಲೆಣ್ಣೆ ವಾಸನೆ ಬಡಿಯಿತು — ಸುಟ್ಟ ಹುಲ್ಲಿನ ಕರಿಗೆ ಹರಳೆಣ್ಣೆ ಕಲಸಿ ಗಾಡಿಯ ಅಚ್ಚಿಗೆ ಹಚ್ಚುತ್ತಾರಲ್ಲ, ಅದು. ಪಕ್ಕದಲ್ಲೇ ತಿಮ್ಮರಾಯಪ್ಪನವರ ಎರಡು ಎತ್ತಿನ ಗಾಡಿ ನಿಂತಿದ್ದವು. ಎದ್ದು ಮೈ ಕೊಡವಿಕೊಂಡೆ.

ಹುಲಿಕುಂಟೆ ಕಡೆಗೆ ನೇರ ರಸ್ತೆಯಲ್ಲಿ ಓಡಿಸಿದೆ. ಗಂಟೆಗೆ ನಲವತ್ತು, ಐವತ್ತು ಮೈಲಿ. ಸುಖ! ಮಧುಗಿರಿ ಬಸ್ಸಿನಲ್ಲಿ ಡಾಕ್ಟರಿಗೆ ಹೂಂ ಎಂದು ಹೇಳಿ ಕಳಿಸಿಬಿಟ್ಟೆ.

೧೨-೨-೫೮, ಬುಧವಾರ

ಡಾಕ್ಟರು ಕಾರು ತೆಗೆದುಕೊಂಡರು. ಶೆಡ್ಡಿನ ಮುಂದೆ ಒಂದು ಸುತ್ತು ಹಾಕಿ ತೋರಿಸಿದರು, ಮಕ್ಕಳ ಹಾಗೆ. ಪಕ್ಕದಲ್ಲಿ ಹೆಂಡತಿ ನಾಗರತ್ನಮ್ಮ, ತಲೆಗೆ ಸೆರಗು ಗಟ್ಟಿಯಾಗಿ ಹಿಡಿದುಕೊಂಡು. ಶಿವರಾತ್ರಿಗೆ ಪಾವಗಡದ ಆಚೆ ಮಾವನ ಮನೆಗೆ ಹೋಗುತ್ತಾರಂತೆ, ಇದರಲ್ಲೇ.

“ಮಕ್ಬೂಲ್ ಹೂಂ ಅಂದ ಗಾಡಿ ಕಣೇ ಇದು” ಎಂದರು ಹೆಂಡತಿಗೆ. ಎದೆ ಉಬ್ಬಿತು. ಸುಳ್ಳೇಕೆ ಬರೆಯಲಿ?

೧೮-೨-೫೮, ಮಂಗಳವಾರ, ಸಂಜೆ ೭

ಕೈ ಓಡುತ್ತಿಲ್ಲ. ಆದರೂ ಬರೆಯುತ್ತೇನೆ.

ಉಸ್ತಾದರ ಮನೆಗೆ, ಸೀತಾಫಲ ಗಿಡದ ಸುತ್ತಲ ಹಳೆ ಬೇಲಿ ಬಿಗಿದುಕೊಡಲು ಹೋಗಿದ್ದೆ. ಅವರು ಮಸೀದಿಗೆ ಹೋಗಿದ್ದರು. ಅಮೀರ್ ಬಿ, ಉಸ್ತಾದರ ಹೆಂಡತಿ, ಹಿತ್ತಲಲ್ಲಿ ಬಾಣಲೆ ಉಜ್ಜುತ್ತಾ ಬೈಯುತ್ತಿದ್ದರು.

“ನೋಡು ಮಕ್ಬೂಲ್, ಮನೇಲಿ ಗಾಡೀನೂ ಇಲ್ಲ, ಎತ್ತೂ ಇಲ್ಲ. ನಿಮ್ಮ ಉಸ್ತಾದ್ ನನ್ನ ಬಾಣಲೇಲಿ ಹುಲ್ಲು ಸುಟ್ಟು ಕೀಲೆಣ್ಣೆ ಕಲಸವ್ರೆ! ಇಪ್ಪತ್ತು ದಿನ ಆಯ್ತು, ಈ ಮಸಿ ಬುಡಾಕಿಲ್ಲ ಅಂತದೆ.”

ಬಿಗಿ ಸ್ಟೀರಿಂಗ್. ಒಳಬದಿ ಸವೆದ ಟೈರು. ಆ ವಾಸನೆ. ಹುಟ್ಟಿದಾಗಿನಿಂದ ಕೀಲೆಣ್ಣೆ ವಾಸನೆಯಲ್ಲೇ ಬೆಳೆದವನು ನಾನು. ಅದಕ್ಕೇ ಮೂಗಿಗೆ ಬಂದರೂ ತಲೆಗೆ ಹೋಗಲಿಲ್ಲ. ಬೇರೆ ಸೀಮೆಯ ಮೆಕ್ಯಾನಿಕ್ ಆಗಿದ್ದರೆ ಇದೇನು ಅಂತ ಕೇಳಿರುತ್ತಿದ್ದ.

ಉಸ್ತಾದ್ ಬಂದರು. ಟೀ ಬಂತು. ಸಾಸರಿಗೆ ಬಗ್ಗಿಸಿಕೊಳ್ಳಲು ಹೋದರು — ಅರ್ಧ ನೆಲಕ್ಕೆ. ಕೈ ಎಲೆಯಂತೆ ನಡುಗುತ್ತಿತ್ತು. ಎಷ್ಟೋ ತಿಂಗಳ ಮೇಲೆ ಆ ಕೈಗಳನ್ನು ಜೇಬಿನಿಂದ ಹೊರಗೆ ನೋಡಿದೆ.

“ಸ್ಟೀರಿಂಗ್ ಬಾಕ್ಸಿಗೆ ಏನು ತುಂಬಿದ್ರಿ ಉಸ್ತಾದ್?”

ಸಾಸರನ್ನು ಪಕ್ಕಕ್ಕಿಟ್ಟರು. ಆಮೇಲೆ —

“ಬುಷ್ ಸವೆದೋಗಿತ್ತು. ಹೊಸದು ಕೂರ್ಸಾಕೆ ಮೂರು ದಿನ ನೋಡ್ದೆ. ಕೈ ನಿಲ್ಲಾಕಿಲ್ಲ. ಕೀಲೆಣ್ಣೆ ತುಂಬಿ ಸ್ಕ್ರೂ ಬಿಗಿ ಮಾಡ್ಬುಟ್ಟೆ. ಅಲ್ಲಾಡೋದು ನಿಂತೋಯ್ತು.”

“ಬಿಸಿಗೆ ಕರಗಿ ಸೋರಿಹೋಗ್ತದೆ! ಆಮೇಲೆ ಚಕ್ರ ಒಂದು ಕಡೆ, ಸ್ಟೀರಿಂಗ್ ಒಂದು ಕಡೆ! ನನ್ನ ಕರೀಬಾರದಿತ್ತಾ?”

“ನಿನ್ನ?” ಉಸ್ತಾದ್ ಎರಡೂ ಕೈ ಮತ್ತೆ ಜೇಬಿಗೆ ತುರುಕಿದರು. “ನಿನಗೆ ಈ ಕೈ ತೋರಿಸ್ಲಾ ನಾನು?”

ಕೋಪ ಬಂತು. ಅಳುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ. ನಾಳೆ ಡಾಕ್ಟರಿಗೆ ಹೇಳಿ ಬಾಕ್ಸ್ ಬಿಚ್ಚುತ್ತೇನೆ ಎಂದೆ. ಉಸ್ತಾದ್ ಗೋಡೆ ಕಡೆ ತಿರುಗಿ ಕೂತರು. “ಬಿಚ್ಚು. ನಲವತ್ತು ವರ್ಷದ ಹೆಸರು, ಅದನ್ನೂ ಬಿಚ್ಚಾಕು. ನಾನು ಮಾತ್ರ ಅಲ್ಲಿಗೆ ಬರಾಕಿಲ್ಲ.”

ಪೋಸ್ಟಾಫೀಸು ಮುಚ್ಚುವ ಮುಂಚೆ ಪಾವಗಡಕ್ಕೆ ತಂತಿ ಸುದ್ದಿ ಕೊಟ್ಟೆ: ಕಾರು ಓಡಿಸಬೇಡಿ. ಪಾವಗಡದಿಂದ ಡಾಕ್ಟರ ಮಾವನ ಹಳ್ಳಿಗೆ ಅದನ್ನು ಯಾರಾದರೂ ಹೊತ್ತುಕೊಂಡು ಹೋಗಬೇಕು. ಹಬ್ಬ ಮುಗಿಸಿ ಡಾಕ್ಟರು ನಾಳೆ ಮಧ್ಯಾಹ್ನವೇ ಅಲ್ಲಿಂದ ಹೊರಡುತ್ತಾರೆ. ಬರುವಾಗ ಮಿಡಿಗೇಶಿಯ ಈಚೆ ಆ ಇಳಿಜಾರು, ಒಂದರ ಹಿಂದೆ ಒಂದು ಮೂರು ತಿರುವು. ಇಬ್ಬರೂ ಕೂತಿರುತ್ತಾರೆ. ಮಕ್ಬೂಲ್ ಹೂಂ ಅಂದ ಗಾಡಿ.

೧೯-೨-೫೮, ಬುಧವಾರ, ಮಧ್ಯಾಹ್ನ ೨

ಮೊದಲನೇ ಬಸ್ಸಿಗೆ ಹತ್ತಿದೆ. ಹಿಂದಿನ ಸೀಟಿನಲ್ಲಿ ಉಸ್ತಾದ್! ಕೋಟು ಹಾಕಿ, ಟೋಪಿ ಇಟ್ಟು, ಮುಖ ಕಿಟಕಿಗೆ. ನಾನು ಮುಂದೆ ಹೋಗಿ ಕೂತೆ. ಮಧುಗಿರಿಯಲ್ಲಿ ಬಸ್ಸು ಬದಲಿಸಿದೆ, ಅವರೂ ಬದಲಿಸಿದರು.

ಇಳಿಜಾರಿನ ನೆತ್ತಿಯ ಹುಣಸೆಮರದ ಕೆಳಗೆ ಕೂತಿದ್ದೇವೆ. ಪಾವಗಡಕ್ಕೇ ಹೋಗಿಬಿಟ್ಟರೆ ದಾರಿಯಲ್ಲಿ ಕಾರು ಎದುರಾಗಿ ಹಾದುಹೋದೀತು, ಬಸ್ಸಿನವನು ನಿಲ್ಲಿಸುವುದಿಲ್ಲ. ಇಲ್ಲಾದರೆ ಬಂದೇ ಬರಬೇಕು, ಇರುವುದು ಇದೊಂದೇ ರಸ್ತೆ.

೩-೧೫

ಎರಡು ಲಾರಿ, ಒಂದು ಬಸ್ಸು. ಬಸ್ಸಿನವರನ್ನು ಕೂಗಿ ಕೇಳಿದೆ, ಕೆಂಪು ಕಾರು ಕಂಡಿರಾ ಅಂತ. ಇಲ್ಲವಂತೆ. ತಂತಿ ಸಿಕ್ಕಿ ನಿಂತುಬಿಟ್ಟರೋ? ಅಥವಾ ಆಚೆಯ ಯಾವುದೋ ತಿರುವಿನಲ್ಲಿ... ಬರೆಯುವುದಿಲ್ಲ.

ಕಡಲೆಕಾಯಿ ಮಾರುವ ಪೆದ್ದಮ್ಮ ಪಕ್ಕದಲ್ಲಿ ಕೂತಿದ್ದಾಳೆ. “ಎಂದುಕು ಸಾಮಿ ಅಷ್ಟು ಎದ್ದೆದ್ದು ನೋಡ್ತೀಯ? ಕಾರು ಬರೋಕೆ ಮುಂಚೆ ದುಮ್ಮು ಬರ್ತದೆ, ಕುಚ್ಚೋ.” ತೆಲುಗು ಕಲಸಿದ ಮಾತು: ಎಂದುಕು ಅಂದರೆ ಯಾಕೆ, ಕುಚ್ಚೋ ಅಂದರೆ ಕೂತ್ಕೋ, ದುಮ್ಮು ಅಂದರೆ ಧೂಳು. ಧೂಳನ್ನೇ ನೋಡುತ್ತಾ ಕೂತಿದ್ದೇನೆ. ಪುಸ್ತಕ ಬಿಚ್ಚಿಕೊಂಡಿರುವುದು ಕೈ ಸುಮ್ಮನಿರಲಿ ಎಂದು.

ಉಸ್ತಾದ್ ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ. ಲೋಟ ಹಿಡಿಯಬೇಕಾಗುತ್ತದಲ್ಲ, ಜನರ ಮುಂದೆ.

೪-೩೦

ಧೂಳು! ನನಗೆ ಕಾಣುವ ಮುಂಚೆ ಉಸ್ತಾದರಿಗೆ ಕೇಳಿಸಿತು. “ಅದೇ” ಅಂದರು. ಅವರದೇ ಇಂಜಿನ್, ಗುರುತಿಲ್ಲವೇ?

ಕೆಂಪು. ಅದೇ. ಎಡಕ್ಕೆ ಎಳೆಯುತ್ತಿದೆ, ಸರಿಮಾಡುತ್ತಾರೆ, ಮತ್ತೆ ಎಳೆಯುತ್ತಿದೆ. ಸೋರಿಹೋಗಿದೆ, ಎಲ್ಲಾ ಸೋರಿಹೋಗಿದೆ. ನಾನು ಏಳುವಷ್ಟರಲ್ಲಿ ಉಸ್ತಾದ್ ರಸ್ತೆಯ ನಡುಮಧ್ಯೆ ಹೋಗಿ ನಿಂತ

ನಿಂತಿತು. ಕಾರು ನಿಂತಿತು. ಯಾ ಅಲ್ಲಾ. ಉಸ್ತಾದರಿಂದ ಎರಡು ಮಾರು ದೂರದಲ್ಲಿ. ಡಾಕ್ಟರು ಬೈಯುತ್ತಾ ಇಳಿದರು, ಉಸ್ತಾದರ ಕೈ ನೋಡಿ ಸುಮ್ಮನಾದರು. ಮೇಲೆತ್ತಿದ ಎರಡೂ ಕೈ ಇನ್ನೂ ಇಳಿಸಿಲ್ಲ. ಬಿಸಿಲಿನಲ್ಲಿ ನಡುಗುತ್ತಿವೆ, ಎಲ್ಲರ ಮುಂದೆ. ನಾನು ಮರಕ್ಕೆ ಒರಗಿ ಗೀಚುತ್ತಿದ್ದೇನೆ.

ಡಾಕ್ಟರಿಗೆ ಅವರೇ ಹೇಳುತ್ತಿದ್ದಾರೆ. ಒಂದೊಂದಾಗಿ. ಹುಲ್ಲು, ಹರಳೆಣ್ಣೆ, ಬುಷ್. ನನ್ನ ಹೆಸರು ಎತ್ತಲಿಲ್ಲ.

ಈಗ ಈ ಕಡೆ ತಿರುಗಿ ಕೂಗುತ್ತಿದ್ದಾರೆ — “ಲೇ ಮಕ್ಬೂಲ್, ಅದೇನ್ಲಾ ಬರೀತಾ ಕುಂತಿದೀಯ? ಸ್ಪ್ಯಾನರ್ ತಗೊಂಬಾ. ಗಂಟು ನಂದು, ನಾನು ನಿಂತ್ಕೊಂಡು ನೋಡ್ತೀನಿ. ನೀನು ಬಿಚ್ಚು, ನಿನ್ನ ಗಂಟು ಹಾಕು.”